ಬಾಳವ್ವನ ಡ್ರಾಯರ್

ನನ್ನ ಅತ್ತೆ ಬಾಳವ್ವ ನನ್ನ ಹತ್ತಿರ ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು ವಸ್ತು. ಅವತ್ತು ನಾನು ಒಲೆಯ ಮುಂದೆ ಕೂತು ಸಂತೆಯಲ್ಲಿ ಮಾರುವ ರೊಟ್ಟಿ ಬಡಿಯುತ್ತಿದ್ದೆ, ಅವಳು ಬೇಯಿಸುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆ ಸವರುತ್ತ, ಉಪ್ಪು ಮುಗಿದಿದೆ ಎಂದು ಹೇಳುವಷ್ಟು ಸಲೀಸಾಗಿ ಹೇಳಿದಳು: "ನೀಲಾ, ನನಗೊಂದು ಮುಚ್ಚೂವಂಥದ್ದು ಬೇಕವಾ."

ನನ್ನ ಕೈ ನಿಂತಿತು. ಬೀದಿಯಲ್ಲಿ ಯಾರಿಗಾದರೂ ಕೇಳಿಸಿತೇನೋ ಎಂದು ಹೊರಗೆ ನೋಡಿದೆ. ನಮ್ಮ ಮನೆಗೆ ಬಾಗಿಲಿಲ್ಲ. ಊರಲ್ಲಿ ಯಾರ ಮನೆಗೂ ಇಲ್ಲ. ಎದುರು ಕಟ್ಟೆಯ ಮೇಲೆ ಕೂತವರಿಗೆ ನಮ್ಮ ಒಲೆ, ನಮ್ಮ ಹಾಸಿಗೆ, ಗೂಟಕ್ಕೆ ತೂಗುಬಿಟ್ಟ ನನ್ನ ಸೀರೆ, ಅತ್ತೆಯ ಔಷಧಿ ಶೀಶೆ ಎಲ್ಲ ಕಾಣುತ್ತದೆ.

"ಅದರಾಗ ಏನ್ ಇಡಾವ್ರು?" ಎಂದು ಕೇಳಿದೆ.

"ಅದನ್ನ ಹೇಳಿದ್ರ ಮುಚ್ಚಿ ಏನ್ ಬಂತು?" ಎಂದು ಅತ್ತೆ ರೊಟ್ಟಿ ತಿರುವಿ ಹಾಕಿದಳು.

ನಾನು ಬೇರೆ ಊರಿನಿಂದ ಈ ಊರಿಗೆ ಸೊಸೆಯಾಗಿ ಬಂದವಳು. ಬರುವಾಗ ಟ್ರಂಕಿನ ಮುಚ್ಚಳವನ್ನು ಊರ ಬಾಯಿಯ ತಪಾಸಣೆ ನಾಕಾದಲ್ಲೇ ಕಿತ್ತು ಇಟ್ಟುಕೊಂಡರು. ಆಮೇಲೆ ಎಲ್ಲದಕ್ಕೂ ಒಗ್ಗಿಕೊಂಡೆ. ಡಬ್ಬಿಗೆ ಮುಚ್ಚಳವಿಲ್ಲದೆ ಮಳೆಗಾಲದಲ್ಲಿ ಉಪ್ಪು ನೀರಾಗುತ್ತದೆ, ಹಾಲನ್ನು ಕಾಯಿಸಿದ ಕೂಡಲೇ ಕುಡಿಯಬೇಕು, ಇಲ್ಲವಾದರೆ ಬೆಕ್ಕು ಕಾಯುತ್ತಿರುತ್ತದೆ. ಅಂಗಿಗೆ ಜೇಬಿಲ್ಲ. ಬಚ್ಚಲಿಗೊಂದು ಪರದೆ ಉಂಟು, ಅದೂ ಗಾಳಿ ಬಂದರೆ ಸರಿಯುವಷ್ಟು ತೆಳುವಾಗಿರಬೇಕು. ಮನೆಯಿಂದ ಹೊರಟವರಿಗೆ "ತೆರದಿರ್ರಿ", ಅಂದರೆ ತೆರೆದುಕೊಂಡೇ ಇರಿ, ಎನ್ನುವುದು ಇಲ್ಲಿ ಹಾರೈಕೆಯ ಮಾತು. ಸೋಮವಾರಕ್ಕೊಮ್ಮೆ ನೋಡುವವರು ಬರುತ್ತಾರೆ. ಓಣಿಯ ಹಿರಿಯರು ನಾಲ್ಕೈದು ಮಂದಿ, ಮನೆಮನೆ ಹೊಕ್ಕು ಗೂಡು, ಗಡಿಗೆ, ಹಾಸಿಗೆಯ ಕೆಳಗೆಲ್ಲ ಕಣ್ಣಾಡಿಸಿ, ಚಹಾ ಕುಡಿದು ಹೋಗುತ್ತಾರೆ. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ. ಎಷ್ಟೋ ಸಲ ಯಾರ ಮನೆಯಲ್ಲಿ ಹಿಟ್ಟು ಮುಗಿದಿದೆ ಎಂದು ಕಂಡು ಅವರೇ ಕಳಿಸಿದ್ದೂ ಉಂಟು. ನನ್ನ ಗಂಡ ತೀರಿಹೋದ ವರ್ಷ ಹಾಗೆ ನಾವು ಉಂಡಿದ್ದೇವೆ. ಆದರೆ ಅದೇ ವರ್ಷ ನಾನು ಅತ್ತದ್ದನ್ನೂ ಇಡೀ ಓಣಿ ನೋಡಿದೆ. ಇವತ್ತು ಕಡಿಮೆ ಅತ್ತಳು, ನಿನ್ನೆ ಹೆಚ್ಚು ಅತ್ತಿದ್ದಳು ಎಂದು ಕಟ್ಟೆಯ ಮೇಲೆ ಕೂತು ಮಾತಾಡಿಕೊಂಡದ್ದು ನನ್ನ ಕಿವಿಗೆ ಬಿದ್ದಿದೆ.

ನೋಡುವವರಿಗೆ ಮುಂದಾಳು ಶಂಕ್ರೆಪ್ಪ ಮಾವ. ಬಾಳವ್ವನ ಬೆನ್ನಿಗೆ ಬಿದ್ದ ತಮ್ಮ.

ಅತ್ತೆ ಕೇಳಿದ್ದನ್ನು ನಾನು ಹುಸೇನಸಾಬರಿಗೆ ಹೇಳಿದೆ. ಹೊರಗಿನಿಂದ ಊರಿಗೆ ಸಾಮಾನು ತರುವ ಲಾರಿ ಅವರದು. ಹೋಗುವಾಗ ನನ್ನ ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಅವರು ತಲೆ ಕೆರೆದುಕೊಂಡರು. "ಪೆಟಗಿ ತಂದ್ರ ನಾಕಾದಾಗ ಹಿಡೀತಾರ್ರೀ ಅಕ್ಕಾ. ಆದ್ರ ಈಗ ಪ್ಯಾಟ್ಯಾಗ ಒಂದು ನಮೂನಿ ಕಪಾಟು ಬಂದೈತಿ. ಬರೇ ಹಲಗಿ ಕೊಡ್ತಾರ. ಮನ್ಯಾಗ ನೀವ ಕೂಡಿಸಿಕೊಬೇಕು. ಹಲಗಿಗೆ ಯಾವ ನಾಕಾದವ ಏನಂತಾನ?"

ನಾಕಾದವರು ನಿಜಕ್ಕೂ ಏನೂ ಅನ್ನಲಿಲ್ಲ. ರಟ್ಟಿನ ಹೊದಿಕೆ ಹರಿದು ನೋಡಿದರು. ಮರದ ಪುಡಿ ಒತ್ತಿ ಮಾಡಿ ತೇಗದ ಬಣ್ಣ ಬಳಿದ ಹಲಗೆಗಳು, ಉದ್ದದ ಕಬ್ಬಿಣದ ಹಳಿಗಳು, ಪೊಟ್ಟಣದಲ್ಲಿ ಸ್ಕ್ರೂಗಳು, ಬೆರಳುದ್ದದ ಮರದ ಗೂಟಗಳು. "ಚಪ್ಪಟ ಐತಿ, ಬಿಡ್ರಿ," ಎಂದು ಒಳಗೆ ಬಿಟ್ಟರಂತೆ. ಹುಸೇನಸಾಬರು ಅದನ್ನು ನಮ್ಮ ಪಡಸಾಲೆಯಲ್ಲಿ ಇಳಿಸಿ, ನಗು ತಡೆದುಕೊಂಡು, "ತೆರದಿರ್ರಿ," ಎಂದು ಹೋದರು.

ಹಲಗೆಗಳನ್ನು ಗೋಡೆಗೆ ಒರಗಿಸಿ ಇಟ್ಟೆವು. ಅವುಗಳ ಜೊತೆ ಬಂದ ಕಾಗದದಲ್ಲಿ ಅಕ್ಷರ ಒಂದೂ ಇರಲಿಲ್ಲ, ಬರೀ ಚಿತ್ರ. ಒಬ್ಬ ದುಂಡುತಲೆಯ ಮನುಷ್ಯ ಹಲಗೆ ಹಿಡಿದು ನಿಂತಿದ್ದ, ಅವನ ಸುತ್ತ ಬಾಣದ ಗುರುತುಗಳು. ಬಾಳವ್ವ ಆ ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಇವಗ ಬಾಯಿ ಇಲ್ಲ ನೋಡ ನೀಲಾ."

"ಚಿತ್ರ ತಗದಾವರು ಮರತಿರಬೇಕು."

"ಇಲ್ಲವಾ, ಬೇಕಂತ ಬಿಟ್ಟಾರ. ಭಾಳ ಒಳ್ಳೆ ಮನಶಾ ಇದ್ದಾನ ಇಂವ."

ಸ್ಕ್ರೂ ತಿರುಗಿಸಲು ಕೊಕ್ಕೆಯ ಹಾಗೆ ಬಾಗಿದ ಒಂದು ಕಡ್ಡಿ ಕೊಟ್ಟಿದ್ದರು. ನಾನು ತಿರುಗಿಸಬೇಕು, ಅವಳು ಹಲಗೆ ಹಿಡಿಯಬೇಕು, ಹೀಗೆ ಶುರುವಾಯಿತು. ನಾನು ಬಾಣಲೆಯ ಹಿಡಿಕೆ ಬಿಗಿದವಳೇ ಹೊರತು ಇಂಥದ್ದು ಎಂದೂ ಮಾಡಿದವಳಲ್ಲ. ಮೊದಲ ದಿನ ಗೂಟಗಳನ್ನು ತೂತುಗಳಿಗೆ ಕೂರಿಸಿ ಲಟ್ಟಣಿಗೆಗೆ ಬಟ್ಟೆ ಸುತ್ತಿ ಬಡಿದೆ. ಎರಡು ಪಕ್ಕದ ಹಲಗೆ, ಕೆಳಗೊಂದು, ಮೇಲೊಂದು ನಿಂತಾಗ ನನಗೆ ಊರನ್ನೇ ಗೆದ್ದಷ್ಟು ಸಂತೋಷವಾಯಿತು. ಆಮೇಲೆ ನೋಡಿದರೆ ಪಕ್ಕದ ಹಲಗೆಗಳು ಅದಲುಬದಲಾಗಿ, ಹಳಿ ಕೂರಿಸುವ ತೂತುಗಳೆಲ್ಲ ಹೊರಗೆ ಮುಖ ಮಾಡಿದ್ದವು. ಎಲ್ಲ ಬಿಚ್ಚಬೇಕಾಯಿತು. ಬಿಚ್ಚುವಾಗ ಎರಡು ತೂತು ಸವೆದು ಸ್ಕ್ರೂ ಹಿಡಿಯದೇ ಹೋಯಿತು. ಅತ್ತೆ ಬೆಂಕಿಕಡ್ಡಿಯ ಮದ್ದಿನ ತಲೆ ಮುರಿದು, ಬರೀ ಕಡ್ಡಿಯನ್ನು ತೂತಿಗೆ ತುರುಕಿ, "ಈಗ ತಿರುವು," ಅಂದಳು. ಗಟ್ಟಿಯಾಗಿ ಕೂತಿತು.

ಬಾಗಿಲಿಲ್ಲದ ಮನೆಯಲ್ಲಿ ಇದೆಲ್ಲ ಗುಟ್ಟಾಗಿ ನಡೆಯುವಂಥದ್ದಲ್ಲ. ಎರಡನೆಯ ದಿನಕ್ಕೆ ಎದುರಿನ ಕಟ್ಟೆ ತುಂಬಿತು. ಪಕ್ಕದ ಮನೆಯ ಪಾರ್ವತೆವ್ವ ಶೇಂಗಾ ಒಡೆಯುತ್ತ ಕೂತು, "ಅದು ತಲಿಕೆಳಗಾಗಿ ಹಿಡದೀರಿ, ಬಾಳತ್ತಿ," ಎಂದು ಅಲ್ಲಿಂದಲೇ ಕೂಗುತ್ತಿದ್ದಳು. ಅವಳು ಹೇಳಿದ್ದು ಸರಿಯೂ ಇರುತ್ತಿತ್ತು.

ಸೋಮವಾರ ಶಂಕ್ರೆಪ್ಪ ಮಾವ ನೋಡುವವರ ಜೊತೆ ಬಂದಾಗ ಬರೀ ಚೌಕಟ್ಟು ನಿಂತಿತ್ತು. ಅವನು ಸುತ್ತು ಹಾಕಿ ನೋಡಿದ. ಒಳಗೆ ಕೈ ಹಾಕಿ ಆ ಕಡೆಯಿಂದ ತೆಗೆದ. ಹಿಂದಿನ ತೆಳು ಹಲಗೆ ಇನ್ನೂ ಬಡಿದಿರಲಿಲ್ಲ.

"ಏನಕ್ಕಾ ಇದು?"

"ನೀ ಹೇಳು. ನೋಡಾವ ನೀನು."

"ಇದು ಗೂಡು," ಎಂದು ಅವನು ತನ್ನವರ ಕಡೆ ತಿರುಗಿ ಹೇಳಿದ. "ಎಲ್ಲಾರ ಮನ್ಯಾಗೂ ಗೂಡು ಐತಿ. ತಪ್ಪಲ್ಲ."

ಆ ವಾರ ಡ್ರಾಯರ್‌ಗಳನ್ನು ಮಾಡಿದೆವು. ಐದು ಡ್ರಾಯರ್. ಒಂದೊಂದಕ್ಕೂ ಮುಂದೊಂದು ದಪ್ಪ ಹಲಗೆ, ಹಿಂದೆ ಪಕ್ಕಕ್ಕೆ ಸಣ್ಣವು, ಕೆಳಗೆ ರಟ್ಟಿನಂಥ ತಳ. ಎಡದ ಹಳಿ ಬಲಕ್ಕೆ, ಬಲದ ಹಳಿ ಎಡಕ್ಕೆ ಹಾಕಿ ಮತ್ತೆ ಬಿಚ್ಚಿದೆ. ಅಂಗೈ ಮೇಲೆ ಬೊಕ್ಕೆ ಎದ್ದಿತು. ರೊಟ್ಟಿ ಬಡಿಯುವಾಗ ಉರಿಯುತ್ತಿತ್ತು, ಆದರೂ ಬಿಡಲಿಲ್ಲ. ಊರಿಗೆ ಊರೇ "ಇವರಿಂದ ಆಗಂಗಿಲ್ಲ" ಎಂದು ಕಾದು ಕೂತಾಗ ಕೈ ಉರಿ ಗೊತ್ತಾಗುವುದಿಲ್ಲ.

ಮುಂದಿನ ಸೋಮವಾರ ಮಾವ ಬಂದಾಗ ಐದೂ ಡ್ರಾಯರ್‌ಗಳು ನೆಲದ ಮೇಲೆ ಸಾಲಾಗಿದ್ದವು. ಬಗ್ಗಿ ನೋಡಿದ. "ಇದು ಹಿಟ್ಟು ನಾದೂ ಪರಾತ ಇದ್ದಂಗ ಐತಿ," ಅಂದ. "ಮ್ಯಾಲ ಪೂರಾ ತೆರದೈತಿ. ಇದೂ ತಪ್ಪಲ್ಲ."

ಅವನ ಹಿಂದಿದ್ದ ಒಬ್ಬ ಕೇಳಿದ: "ಪರಾತನ್ನ ಗೂಡಿನಾಗ ಇಟ್ರ?"

ಶಂಕ್ರೆಪ್ಪ ಮಾವ ನನ್ನ ಅತ್ತೆಯ ಮುಖ ನೋಡಿದ. ಅತ್ತೆ ಸೆರಗಿನಿಂದ ಹಿಡಿಕೆಯೊಂದನ್ನು ಒರೆಸುತ್ತಿದ್ದಳು. ಅವನು ಮೆಲ್ಲಗೆ ಹತ್ತಿರ ಬಂದು ಕೂತ. ಆ ಹೊತ್ತು ಅವನು ನೋಡುವವರ ಮುಂದಾಳಿನ ಹಾಗೆ ಕಾಣಲಿಲ್ಲ, ಅಕ್ಕನ ಮುಂದೆ ಕೂತ ತಮ್ಮನ ಹಾಗೇ ಕಂಡ.

"ಅಕ್ಕಾ, ಒಂದು ದಾರಿ ಐತಿ. ಪೂರಾ ಒಳಗ ತಳ್ಳಬ್ಯಾಡ. ನಾಕು ಬೊಟ್ಟು ಹೊರಗ ಇರ್ಲಿ. ನಾ ಎಲ್ಲಾರಿಗೂ ಹೇಳಿ ಸುಮ್ಮ ಮಾಡ್ತೀನಿ."

"ನಾಕು ಬೊಟ್ಟಿನಾಗ ಇಡೀ ಊರ ಒಳಗ ಬರ್ತೈತಿ, ಶಂಕ್ರಾ."

"ಬಂದ್ರ ಏನಾತು? ಎಪ್ಪತ್ತು ವರ್ಷ ಬಂದಿಲ್ಲೇನು?"

"ಅದಕ್ಕ ಸಾಕಾಗೇತಿ."

ಮಾವ ದನಿ ಏರಿಸಿದ. "ಏನ್ ಇಡಾಕಿ ಅದರಾಗ? ಹೇಳಿಬಿಡು. ಹೇಳಿದ್ರ ಅರ್ಧ ತಪ್ಪು ಹೋಗ್ತೈತಿ."

"ಏನೂ ಇಡದನ ಇರಬಹುದು. ಅದೂ ನಿನಗ ಗೊತ್ತಾಗಂಗಿಲ್ಲ. ಅದ ನನಗ ಬೇಕಾಗಿದ್ದು."

ಅವನು ಎದ್ದು ನಿಂತು ನನ್ನ ಕಡೆ ತಿರುಗಿದ. "ನೀಲವ್ವಾ, ಅಕ್ಕಗ ವಯಸ್ಸಾಗೇತಿ. ನಿನಗರ ತಿಳೀಬೇಕಿಲ್ಲೋ? ಊರು ಕಣ್ಣು ತಗದ್ರ ನಿನ್ನ ರೊಟ್ಟಿ ಯಾರು ತಗೋತಾರ?"

ಕಣ್ಣು ತೆಗೆಯುವುದೆಂದರೇನು ಎಂದು ನನಗೆ ಗೊತ್ತಿತ್ತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಬ್ಬ ಮೇಷ್ಟ್ರು ತನ್ನ ಮನೆಯಲ್ಲಿ ಒಂದು ತಗಡಿನ ಡಬ್ಬಿಗೆ ಮೊಳೆ ಹೊಡೆದಿದ್ದ. ಅಂದಿನಿಂದ ಯಾರೂ ಅವನ ಕಡೆ ಕಣ್ಣೆತ್ತಿ ನೋಡಲಿಲ್ಲ. ಅಂಗಡಿಯವನು ಅವನ ತಲೆಯ ಮೇಲಿನಿಂದ ಹಿಂದಿನ ಗಿರಾಕಿಯ ಜೊತೆ ಮಾತಾಡುತ್ತಿದ್ದ. ಶಾಲೆಯಲ್ಲಿ ಮಕ್ಕಳು ಗೋಡೆ ನೋಡುತ್ತ ಕೂತವು. ಮಳೆಗಾಲ ಮುಗಿಯುವುದರೊಳಗೆ ಅವನೇ ಊರು ಬಿಟ್ಟ. ಹೋಗುವಾಗ ಡಬ್ಬಿಯನ್ನು ಬೀದಿಯ ನಡುವೆ ಒಡೆದು ಹೋದ. ಒಳಗೆ ಒಂದಿಷ್ಟು ಗೋಲಿಗಳಿದ್ದವು.

ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಆದರೆ ಮಾವ ನನ್ನ ರೊಟ್ಟಿಯ ಮಾತು ಎತ್ತಿದ್ದು ತಪ್ಪಾಯಿತು. ಅಲ್ಲಿಯವರೆಗೆ ನಾನು ಅತ್ತೆಗಾಗಿ ಹಲಗೆ ಹಿಡಿದವಳು. ಆ ಮಾತು ಕೇಳಿದ ಮೇಲೆ ಅದು ನನ್ನ ಕಪಾಟೂ ಆಯಿತು.

"ರೊಟ್ಟಿ ಚಲೋ ಇದ್ರ ಕಣ್ಣು ಮುಚ್ಚಿಕೊಂಡೂ ತಿಂತಾರ್ರೀ ಮಾವಾ," ಅಂದೆ.

ಅತ್ತೆ ನಕ್ಕಳು. ಎದ್ದು, ಮೇಲಿನ ಡ್ರಾಯರ್ ಎತ್ತಿಕೊಂಡಳು. ನಾನು ಒಂದು ಕಡೆ ಹಿಡಿದೆ. ಹಳಿಗೆ ಹಳಿ ಸೇರಿಸುವುದು ಸುಲಭವಿರಲಿಲ್ಲ, ಒಂದು ಕಡೆ ಕೂತರೆ ಇನ್ನೊಂದು ಕಡೆ ಜಾರುತ್ತಿತ್ತು. ಕಟ್ಟೆಯಿಂದ ಪಾರ್ವತೆವ್ವ, "ಬಲಕ್ಕ ಸ್ವಲ್ಪ ಎತ್ರೀ!" ಎಂದು ಕೂಗಿ, ಕೂಗಿದ್ದಕ್ಕೆ ತಾನೇ ಬಾಯಿ ಮುಚ್ಚಿಕೊಂಡಳು. ಬಲಕ್ಕೆ ಎತ್ತಿದೆವು. ಟಕ್ ಎಂದಿತು. ಬಾಳವ್ವ ತನ್ನ ಎರಡೂ ಅಂಗೈಯನ್ನು ಮುಂದಿನ ಹಲಗೆಗೆ ಒತ್ತಿ, ಆತುರವಿಲ್ಲದೆ, ನಾಲ್ಕು ಬೊಟ್ಟು, ಎರಡು ಬೊಟ್ಟು, ಒಂದು ಬೊಟ್ಟು ಕೂಡ ಉಳಿಯದ ಹಾಗೆ ಒಳಗೆ ತಳ್ಳಿದಳು.

ಆ ಊರಿನಲ್ಲಿ ಅಂಥ ಸದ್ದನ್ನು ಯಾರೂ ಕೇಳಿರಲಿಲ್ಲ. ಮೆತ್ತಗಿನ ಸದ್ದು. ಯಾರೋ ತುಟಿ ಕೂಡಿಸಿದ ಹಾಗೆ.

ಶಂಕ್ರೆಪ್ಪ ಮಾವ ಸ್ವಲ್ಪ ಹೊತ್ತು ಕಪಾಟನ್ನೇ ನೋಡಿದ. ಆಮೇಲೆ ನಮಗೆ ಬೆನ್ನು ತಿರುಗಿಸಿದ. ಅವನ ಹಿಂದಿದ್ದವರು ತಿರುಗಿದರು. ಕಟ್ಟೆಯ ಮೇಲಿದ್ದವರು ಒಬ್ಬೊಬ್ಬರಾಗಿ ಎದ್ದು ತಿರುಗಿದರು. ಪಾರ್ವತೆವ್ವ ಎಲ್ಲರಿಗಿಂತ ಕೊನೆಗೆ ತಿರುಗಿದಳು. ಬೀದಿಯುದ್ದಕ್ಕೂ ಬರೀ ಬೆನ್ನುಗಳು.

ಅತ್ತೆ ಸೊಂಟದ ಮೇಲೆ ಕೈಯಿಟ್ಟು ಆ ಬೆನ್ನುಗಳನ್ನೆಲ್ಲ ನೋಡಿದಳು. "ಹಾಂ. ಈಗ ಆತು," ಅಂದಳು. ಆಮೇಲೆ ನನಗೆ, "ನೀನೂ ಆ ಕಡೆ ತಿರುಗು."

ತಿರುಗಿದೆ. ಹಿಂದೆ ಡ್ರಾಯರ್ ಎಳೆದ ಸದ್ದಾಯಿತು, ಸ್ವಲ್ಪ ಹೊತ್ತಿನ ಮೇಲೆ ಮುಚ್ಚಿದ ಸದ್ದಾಯಿತು. ಅಷ್ಟೇ. ಅವಳು ನೀರು ತರಲು ಹೋದಾಗ ನಾನು ಮನೆಯ ಗೂಡು, ಗೂಟ, ಹಾಸಿಗೆಯ ತಲೆದೆಸೆ ಎಲ್ಲ ಹುಡುಕಿದೆ. ಯಾವ ವಸ್ತು ಕಾಣೆಯಾಗಿದೆ ಎಂದು ತಿಳಿದರೆ ಒಳಗೇನಿದೆ ಎಂದು ತಿಳಿಯುತ್ತದಲ್ಲ. ಯಾವುದೂ ಕಾಣೆಯಾಗಿರಲಿಲ್ಲ. ನನಗೆ ನಾಚಿಕೆಯಾಯಿತು. ನಾನೂ ಆ ಊರಿನವಳೇ ಆಗಿಬಿಟ್ಟಿದ್ದೆ.

ಉಳಿದ ಡ್ರಾಯರ್‌ಗಳನ್ನೂ ಕೂರಿಸಿದೆವು. ಎರಡನೆಯದು ನನ್ನದೆಂದು ಅತ್ತೆ ಹೇಳಿದಳು. ಅದರಲ್ಲಿ ನಾನು ಏನಿಟ್ಟೆ ಎಂದು ನಿಮಗೂ ಹೇಳುವುದಿಲ್ಲ.

ಅಲ್ಲಿಂದ ಮುಂದಿನ ದಿನಗಳು ಹೂವಿನ ಹಾಸಿಗೆಯಾಗಿರಲಿಲ್ಲ. ಬುಟ್ಟಿ ಹೊತ್ತು ಸಂತೆಗೆ ಹೋದರೆ ನನ್ನ ಎಡಕ್ಕೆ ಬಲಕ್ಕೆ ವ್ಯಾಪಾರ ನಡೆಯುತ್ತಿತ್ತು, ನಡುವೆ ನಾನು ಖಾಲಿ ಜಾಗದ ಹಾಗೆ. ಎದುರು ಬಂದವರು ನನಗೆ ಡಿಕ್ಕಿ ಹೊಡೆದು, ಗಾಳಿಗೆ ತಾಗಿದವರಂತೆ ಮುಂದೆ ಹೋಗುತ್ತಿದ್ದರು. ಗಿರಣಿಯಲ್ಲಿ ನನ್ನ ಜೋಳದ ಚೀಲ ಬೆಳಗಿನಿಂದ ಸಂಜೆಯವರೆಗೆ ಹಾಗೇ ಇರುತ್ತಿತ್ತು. ಮನೆಗೆ ಬಂದು ಬೀಸುವ ಕಲ್ಲಿನಲ್ಲಿ ನಾವಿಬ್ಬರೂ ಬೀಸಿದೆವು. ಹುಸೇನಸಾಬರು ಹೊರಗಿನವರು, ಅವರಿಗೆ ಈ ಕಟ್ಟಳೆ ಇಲ್ಲ. ಮೊದಲಿಗಿಂತ ಹೆಚ್ಚು ರೊಟ್ಟಿ ಕಟ್ಟಿಸಿಕೊಂಡು ಹೊರಗಿನ ಖಾನಾವಳಿಗಳಿಗೆ ಒಯ್ದರು. ಹಾಗೆ ಒಲೆ ಆರಲಿಲ್ಲ. ಆದರೂ ಒಂದು ದಿನ ನಾನು ಸಂತೆಯಿಂದ ಬಂದು ಬುಟ್ಟಿ ಎತ್ತಿ ಒಗೆದೆ.

"ನಾ ಸತ್ತೀನೇನ ಅತ್ತಿ? ಒಬ್ಬರರ ಮಾರಿ ನೋಡವಲ್ರು!"

ಅತ್ತೆ ಚೆಲ್ಲಿದ ರೊಟ್ಟಿ ಆಯ್ದುಕೊಂಡಳು. "ನನಗ ಹದಿನೈದಕ್ಕ ಲಗ್ನ ಆತು," ಅಂದಳು. "ಅವತ್ತಿನಿಂದ ನಾ ಒಂದು ತುತ್ತು ಹೆಚ್ಚು ಉಂಡ್ರೂ ಓಣ್ಯಾಗ ಮಾತು, ಕಡಿಮಿ ಉಂಡ್ರೂ ಮಾತು. ಮೊನ್ನಿ ಮಧ್ಯಾಹ್ನ ನಾ ಒಬ್ಬಾಕಿನ ಕುಂತು ಹಾಡ ಹಾಡಿದೆ, ನೀಲಾ. ಯಾರೂ ಈ ಕಡೆ ನೋಡಲಿಲ್ಲ. ನಾ ಹಾಡ್ತೀನಂತ ನನಗ ಗೊತ್ತಿದ್ದಿಲ್ಲ." ಆಮೇಲೆ ನನ್ನ ತಲೆ ಸವರಿ, "ಸಿಟ್ಟಿಗೇಳು. ಆದ್ರ ಸೋತು ಅಳಬ್ಯಾಡ," ಅಂದಳು.

ಆ ಮೇಲೆ ಸಂತೆಯಲ್ಲಿ ನಾನು ತಲೆ ತಗ್ಗಿಸಿ ನಡೆಯುವುದನ್ನು ಬಿಟ್ಟೆ. ಅವರು ನನ್ನನ್ನು ನೋಡದಿದ್ದರೇನು, ನಾನು ಅವರನ್ನು ನೋಡಬಹುದಲ್ಲ. ಕಣ್ಣಿಗೆ ಕಣ್ಣಿಟ್ಟು ನೋಡುತ್ತ ನಡೆದೆ. ದಾರಿ ಬಿಡುವವರು ಅವರೇ ಆದರು.

ಮೊದಲು ಬಂದವಳು ಪಾರ್ವತೆವ್ವ. ನಡು ಮಧ್ಯಾಹ್ನ, ಬೀದಿ ತುಂಬ ಜನರಿರುವಾಗಲೇ ಒಳಗೆ ನುಗ್ಗಿ ಗೋಡೆಗೆ ಆನಿಕೊಂಡು ಕೂತಳು. ನಾನು ಗಾಬರಿಯಾದೆ. "ಪಾರ್ವತೆವ್ವಾ, ಯಾರರ ನೋಡಿದ್ರ?"

"ಈ ಮನಿ ಕಡೆ ಯಾರೂ ನೋಡಂಗಿಲ್ಲಲ್ಲ," ಎಂದಳು. ಹಾಗೆಂದವಳೇ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಯಾಕೆ ಎಂದು ನಾವು ಕೇಳಲಿಲ್ಲ. ಅತ್ತೆ ಅವಳ ಮುಂದೆ ನೀರಿನ ತಂಬಿಗೆ ಇಟ್ಟು ತನ್ನ ಕೆಲಸ ನೋಡಿಕೊಂಡಳು. ಅತ್ತು ಮುಗಿದ ಮೇಲೆ ಪಾರ್ವತೆವ್ವ ಮುಖ ತೊಳೆದು, ಕಪಾಟಿನ ಮುಂದೆ ನಿಂತು, ಕೆಳಗಿನ ಡ್ರಾಯರ್ ತೋರಿಸಿ, "ಇದು ಖಾಲಿ ಐತೇನ್ರಿ?" ಎಂದು ಕೇಳಿದಳು. ನಾವಿಬ್ಬರೂ ಗೋಡೆಯ ಕಡೆ ತಿರುಗಿ ನಿಂತೆವು.

ಅವಳಾದ ಮೇಲೆ ಬೇರೆಯವರು. ಇಡೀ ಊರಿನಲ್ಲಿ ಯಾರೂ ನೋಡದ ಮನೆ ನಮ್ಮದೊಂದೇ ಎಂದು ಜನಕ್ಕೆ ಹೊಳೆದಿತ್ತು. ಕೆಲವರು ಅಳಲು ಬಂದರು. ಒಬ್ಬ ಹುಡುಗಿ ಕನ್ನಡಿ ಮುಂದೆ ನಿಂತು ಜಡೆಯನ್ನು ಬೇರೆ ಬೇರೆ ರೀತಿ ಹೆಣೆದು, ಮತ್ತೆ ಮೊದಲಿನಂತೆ ಹೆಣೆದುಕೊಂಡು ಹೋದಳು. ದಿನವಿಡೀ ನಗುತ್ತಿರುತ್ತಿದ್ದ ಬಳೆಗಾರ ಬಂದು ಸುಮ್ಮನೆ ಮುಖ ಗಂಟು ಹಾಕಿಕೊಂಡು ಕೂತು, ಹಾಯೆನಿಸಿದ ಮೇಲೆ ಎದ್ದು ಹೋಗುತ್ತಿದ್ದ. ಹೋಗುವಾಗ ರೊಟ್ಟಿ ಒಯ್ಯುತ್ತಿದ್ದರು. ಬೀದಿಗಿಳಿದ ಕೂಡಲೇ ನಮ್ಮನ್ನು ನೋಡುತ್ತಿರಲಿಲ್ಲ. ಅದಕ್ಕೆ ನಾವೂ ಬೇಜಾರು ಮಾಡಿಕೊಳ್ಳಲಿಲ್ಲ.

ಚಳಿಗಾಲದ ಒಂದು ದಿನ ಶಂಕ್ರೆಪ್ಪ ಮಾವ ಬಂದ. ಅವನ ಕೈಗಳು ನಡುಗುತ್ತಿದ್ದವು. ನೆಲಕ್ಕೆ ಕೂತು ಎರಡೂ ಕೈಯನ್ನು ಮುಂದೆ ಚಾಚಿ ಬಿಟ್ಟ. "ತಿಂಗಳಾತಕ್ಕಾ ಹಿಂಗಾಗಿ," ಅಂದ. "ಬಟ್ಟಲ ಹಿಡಿಯಾಕ ಬರವಲ್ದು. ಎಲ್ಲಾರ ಮುಂದ ಕೈ ಕಟಗೊಂಡ ನಿಂದರ್ತೀನಿ. ನೋಡಾವಗ ಹಿಂಗಾಗೇತಿ ಅಂತ ಗೊತ್ತಾದ್ರ..." ಅತ್ತೆ ಅವನ ಎರಡೂ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ನಡುಗುವಷ್ಟು ಹೊತ್ತು ಅವನು ನಡುಗಿದ. ನಾನು ಬಟ್ಟಲನ್ನು ಹಿಡಿದು ಚಹಾ ಕುಡಿಸಿದೆ. ಕಣ್ಣು ತೆಗೆದ ಮಾತನ್ನು ಅವನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಎದ್ದು ಬೀದಿಗಿಳಿದಾಗ ಕೈ ಕಟ್ಟಿಕೊಂಡು, ನೆಟ್ಟಗೆ, ಹಿಂದಿರುಗಿ ನೋಡದೆ ಹೋದ.

ಬಾಳವ್ವ ಬೇಸಿಗೆಯ ಮೊದಲಲ್ಲಿ ತೀರಿಕೊಂಡಳು. ಜ್ವರ ಬಂದದ್ದು, ಅವಳು ಹೋದದ್ದು ಎರಡೂ ಬೇಗ. ಬೆಳಗ್ಗೆ ಅವಳನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ ನಾನೊಬ್ಬಳೇ ಕೂತಿದ್ದೆ. ಸುದ್ದಿ ಊರಿಗೆ ಹೇಗೋ ಮುಟ್ಟಿತು. ನೋಡುವವರು ಬಂದರು, ಹಿಂದೆ ಜನ ಬಂದರು, ಬೀದಿ ತುಂಬಿತು. ಎಲ್ಲರೂ ಬೆನ್ನು ಮಾಡಿಯೇ ನಿಂತಿದ್ದರು. ನೋಡುವವರಲ್ಲಿ ಗಟ್ಟಿ ದನಿಯ ಒಬ್ಬ, ಗುರಪ್ಪನೆಂದು, ಬೀದಿಗೆ ಮುಖ ಮಾಡಿಕೊಂಡೇ ನನಗೆ ಕೇಳುವಂತೆ ಹೇಳಿದ.

ನಮ್ಮೂರಿನಲ್ಲಿ ಸತ್ತವರ ವಸ್ತುಗಳನ್ನೆಲ್ಲ ಅಂಗಳದಲ್ಲಿ ಹರವಿ ಎಲ್ಲರೂ ನೋಡಿದ ಮೇಲೇ ಹೆಣ ಎತ್ತುವುದು. "ಬಾಳವ್ವಗ ಊರ ಮಣ್ಣು ಕೊಡ್ತೀವಿ," ಅಂದ ಗುರಪ್ಪ. "ಹೊರಾಕ ನಾಕು ಮಂದೀನೂ ಬರ್ತಾರ. ಈ ಮನಿಗೆ ಕಣ್ಣೂ ತಿರುಗಿ ಕೊಡ್ತೀವಿ. ಆದ್ರ ಮೊದಲ ಆ ಕಪಾಟು ತೆರೀಬೇಕು. ಮ್ಯಾಲಿನ ಡ್ರಾಯರ್‌ನಾಗಿಂದು ಹೊರಗ ಹರವಬೇಕು."

"ತೆರಿಯಂಗಿಲ್ಲ," ಅಂದೆ.

"ಹಂಗಾರ ಹೊರಾವ್ರು ಯಾರು? ನೀನೊಬ್ಬಾಕಿ ಹೊರ್ತಿಯೇನು?"

ನಾನು ಎದ್ದೆ. ಕಪಾಟಿಗೆ ಬೆನ್ನು ಕೊಟ್ಟು ನಿಂತೆ. ಹಿಡಿಕೆ ಬೆನ್ನಿಗೆ ಒತ್ತುತ್ತಿತ್ತು. ಎದುರಿಗೆ ಕಂಡದ್ದು ಬರೀ ಬೆನ್ನುಗಳು, ಆದರೆ ಆ ಬೆನ್ನುಗಳೆಲ್ಲ ನನಗೆ ಪರಿಚಯವಿದ್ದವು. ಯಾವುದು ನಮ್ಮ ಗೋಡೆಗೆ ಆನಿಕೊಂಡು ಅತ್ತದ್ದು, ಯಾವುದು ನಮ್ಮ ಕನ್ನಡಿಯ ಮುಂದೆ ನಿಂತದ್ದು, ಎಲ್ಲ ಗೊತ್ತಿತ್ತು. ಒಂದು ಹೆಸರು ಹೇಳಿದ್ದರೆ ಸಾಕಿತ್ತು. ಗುರಪ್ಪನ ಸ್ವಂತ ಹೆಂಡತಿಯ ಹೆಸರೇ ಬಾಯಿಗೆ ಬಂದಿತ್ತು. ಬಂದದ್ದನ್ನು ನುಂಗಿಕೊಂಡೆ.

"ಕೇಳ್ರಿ," ಅಂದೆ. ನನ್ನ ದನಿ ಅಷ್ಟು ದೊಡ್ಡದಾಗಿ ಬಂದೀತೆಂದು ಎಣಿಸಿರಲಿಲ್ಲ. "ಈ ಮನ್ಯಾಗ ಏನೇನು ನಡದೈತಿ, ಯಾರ್ಯಾರು ಬಂದು ಹೋಗ್ಯಾರ, ನನಗ ಗೊತ್ತೈತಿ. ನಾ ಹೇಳಂಗಿಲ್ಲ. ಇವತ್ತೂ ಹೇಳಂಗಿಲ್ಲ, ನಾಳೆ ನನ್ನ ಹೆಣ ಹಿಂಗ ಕುಂತಾಗೂ ನಿಮಗ ಗೊತ್ತಾಗಂಗಿಲ್ಲ. ಅತ್ತಿ ಇಟ್ಟದ್ದೂ ಹಂಗ. ಅದು ಆಕಿದು. ಹೊರಾವ್ರು ಬರಲಿಲ್ಲಂದ್ರ ಬ್ಯಾಡ. ನಾ ಆಕಿನ್ನ ಬೆನ್ನ ಮ್ಯಾಲ ಹಾಕ್ಕೊಂಡು ಹೋಗ್ತೀನಿ. ನೀವು ನೋಡಬ್ಯಾಡ್ರಿ. ನಿಮಗ ರೂಢಿ ಐತಿ."

ಗುರಪ್ಪ, "ನಡೀರಿ," ಎಂದು ಹೆಜ್ಜೆ ತೆಗೆದ. ಕೆಲವರು ಅವನ ಹಿಂದೆ ಹೊರಟರು. ನಾನು ಬಾಳವ್ವನ ಹತ್ತಿರ ಹೋಗಿ ಬಗ್ಗಿ ಅವಳ ತೋಳನ್ನು ನನ್ನ ಕೊರಳಿಗೆ ಸುತ್ತಿಕೊಂಡೆ. ಎತ್ತಲು ನೋಡಿದೆ. ಆಗಲಿಲ್ಲ. ಇಷ್ಟು ಸಣ್ಣ ಜೀವ ಅಷ್ಟು ಭಾರವಾಗಿತ್ತು. ಮತ್ತೊಮ್ಮೆ ನೋಡಿದೆ.

ಆಗ ಇನ್ನೊಂದು ತೋಳಿನ ಕೆಳಗೆ ಯಾರೋ ಹೆಗಲು ಕೊಟ್ಟರು. ಪಾರ್ವತೆವ್ವ. ಬೀದಿಯಲ್ಲಿ ಅವಳ ಗಂಡ, "ಏ, ಏನ್ ಮಾಡಾಕತ್ತಿ?" ಎಂದು ಕೂಗಿದ. ಅವಳು ಅವನ ಕಡೆ ತಿರುಗಿ, "ಕಾಣವಲ್ದೇನು?" ಎಂದು ಕೇಳಿದಳು. ಆ ಜಡೆಯ ಹುಡುಗಿ ಬಂದಳು. ಬಳೆಗಾರ ಬಂದ. ಗುರಪ್ಪನ ಹಿಂದೆ ಹೊರಟಿದ್ದವರಲ್ಲೇ ಒಬ್ಬ ಹೆಂಗಸು ನಿಂತು, ತಿರುಗಿ, ಎಲ್ಲರ ಎದುರಿಗೆ ಅಂಗಳ ದಾಟಿ ಬಂದಳು. ಗುರಪ್ಪ ಅವಳ ಹೆಸರು ಹಿಡಿದು ಕರೆದ. ಅವಳು ಓಗೊಡಲಿಲ್ಲ. ನಾನು ಅವಳ ಮುಖ ನೋಡಲಿಲ್ಲ, ಕಾಲ ಕಡೆ ಜಾಗ ತೋರಿಸಿದೆ.

ಕೊನೆಗೆ ಬಂದವನು ಶಂಕ್ರೆಪ್ಪ ಮಾವ. ಕಟ್ಟಿದ ಕೈ ಬಿಚ್ಚಿದ. ನಡುಗುವ ಕೈಗಳು ಬೀದಿಗೆಲ್ಲ ಕಂಡವು. ಯಾರೋ ಹೌಹಾರಿದ್ದು ಕೇಳಿಸಿತು. ಅವನು ಆ ಕೈಗಳನ್ನೇ ಅಕ್ಕನ ಬೆನ್ನಿಗೆ ಕೊಟ್ಟು, "ಎತ್ರಿ," ಅಂದ.

ಎತ್ತಿದೆವು. ದಾರಿಯುದ್ದಕ್ಕೂ ಜನ ಗೋಡೆಗೆ ಮುಖ ಮಾಡಿ ನಿಂತಿದ್ದರು. ಕೆಲವರು ಮಾತ್ರ ತಿರುಗಿ ನೋಡಿದರು, ನೋಡಿದವರಲ್ಲಿ ಒಬ್ಬಿಬ್ಬರು ಜೊತೆಗೂಡಿದರು. ಊರ ಮಣ್ಣು ಸಿಗಲಿಲ್ಲ. ನಾಕಾದ ಆಚೆ, ಹುಸೇನಸಾಬರು ಲಾರಿ ನಿಲ್ಲಿಸುವ ಬೇವಿನ ಮರದ ಬುಡದಲ್ಲಿ ನಾವೇ ಅಗೆದೆವು. ಒಳ್ಳೆಯ ನೆರಳಿನ ಜಾಗ.

ನಮ್ಮ ಮನೆಗೆ ಊರು ಈಗಲೂ ಕಣ್ಣು ಕೊಟ್ಟಿಲ್ಲ. ಬೆನ್ನಿನವರು ಬೆನ್ನಿನವರೇ. ಆದರೆ ಅವತ್ತು ಹೆಗಲು ಕೊಟ್ಟವರ ಮನೆಗಳಿಗೂ ಕಣ್ಣು ತೆಗೆದದ್ದರಿಂದ ಓಣಿಯಲ್ಲಿ ನೋಡದ ಮನೆಗಳು ಹೆಚ್ಚಾಗಿವೆ, ನಾವು ನಾವು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತೇವೆ, ಬೇಡವೆಂದಾಗ ತಿರುಗಿ ನಿಲ್ಲುತ್ತೇವೆ. ಶಂಕ್ರೆಪ್ಪ ಮಾವನನ್ನು ನೋಡುವವರಿಂದ ತೆಗೆದುಹಾಕಿದರು. ಸೋಮವಾರ ಕೆಲಸವಿಲ್ಲದ್ದರಿಂದ ಅವನು ನಮ್ಮಲ್ಲಿಗೆ ಊಟಕ್ಕೆ ಬರುತ್ತಾನೆ.

ಒಂದು ಸೋಮವಾರ ಅವನು ಕಪಾಟಿನ ಮುಂದೆ ನಿಂತುಕೊಂಡ. "ನೀನರ ತಗದ ನೋಡಿದೇನು, ನೀಲವ್ವಾ?"

"ಇಲ್ಲರೀ."

"ಒಮ್ಮಿನೂ?"

"ಇಲ್ಲ."

ಅವನ ಕೈ ನಡುಗುತ್ತ ಮೇಲಿನ ಹಿಡಿಕೆಯವರೆಗೆ ಹೋಯಿತು. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ, ಬೇಡವೆಂದೂ ಹೇಳಲಿಲ್ಲ. ಹಿಡಿಕೆಯ ಮೇಲೆ ಬೆರಳಿಟ್ಟು ಅವನು ಎಷ್ಟೋ ಹೊತ್ತು ಹಾಗೇ ನಿಂತಿದ್ದ. ಆಮೇಲೆ ಹೆಗಲ ಮೇಲಿನ ವಸ್ತ್ರ ತೆಗೆದು ಕಪಾಟಿನ ಮೇಲಿದ್ದ ಹಿಟ್ಟಿನ ಧೂಳನ್ನು ಮೂಲೆ ಮೂಲೆ ಒರೆಸಿ, ಬಂದು ತಾಟಿನ ಮುಂದೆ ಕೂತ.